ಪಾತಾಳಕ್ಕೊಂದು ಪೇಟೆಂಟು

ನನ್ನ ಹೆಸರಿನಲ್ಲಿ ಈ ಭೂಮಿಯ ಮೇಲೆ ಏನೂ ಇಲ್ಲ. ಮನೆ ಹೆಂಡತಿಯ ಹೆಸರಿನಲ್ಲಿದೆ. ಹೊಸನಗರದ ಬಸ್‌ಸ್ಟ್ಯಾಂಡ್ ಹಿಂದಿನ ನಮ್ಮ ಮೋಟಾರ್ ರಿಪೇರಿ ಅಂಗಡಿಯ ಬೋರ್ಡಿನಲ್ಲಿ ಇವತ್ತಿಗೂ ಅಪ್ಪನ ಹೆಸರೇ ಇದೆ. ಸ್ಕೂಟರು ಭಾವಮೈದುನನದು. ಹೀಗಿರುವಾಗ ಭೂಮಿಯ ಕೆಳಗಾದರೂ ನನ್ನ ಹೆಸರಿನಲ್ಲಿ ಏನಾದರೊಂದು ಇರಲಿ ಎಂದು ಬಯಸಿದರೆ ಅದನ್ನು ಅತಿಯಾಸೆ ಎನ್ನಲಾಗದು.

ಬೋರ್‌ವೆಲ್‌ನಿಂದ ಮೇಲೆತ್ತಿದ ಕೆಟ್ಟ ಪಂಪುಗಳು ನನ್ನ ಅಂಗಡಿಗೆ ಬರುತ್ತವೆ. ಸಾಗರದ ಕಡೆಯಿಂದ, ಹುಂಚದಿಂದ, ಮಾಸ್ತಿಕಟ್ಟೆಯಿಂದ. ಒಂದೊಂದಕ್ಕೂ ಒಂದೊಂದು ಬಣ್ಣದ ಕೆಸರು ಮೆತ್ತಿರುತ್ತದೆ. ವೈಂಡಿಂಗ್ ಮಾಡಬೇಕಾದ ನಾನು ಆ ಕೆಸರನ್ನೇ ನೋಡುತ್ತಾ ಕೂತುಬಿಡುತ್ತೇನೆ. ಕಣ್ಣು ಮುಚ್ಚಿದರೆ ಸಾಕು, ನೆಲ ತೆರೆದುಕೊಳ್ಳುತ್ತದೆ. ಮೇಲೆ ತೂತುತೂತಾದ ಕೆಂಪು ಜಂಬಿಟ್ಟಿಗೆ, ಅದರ ಕೆಳಗೆ ಬೆಣ್ಣೆಯಂಥ ಶೇಡಿಮಣ್ಣು, ಅದಕ್ಕೂ ಕೆಳಗೆ ಯಾರೂ ಎಬ್ಬಿಸದೆ ಮಲಗಿರುವ ಕರಿಕಲ್ಲು, ಆ ಕಲ್ಲಿನ ಯಾವುದೋ ಬಿರುಕಿನಲ್ಲಿ ಸದ್ದಿಲ್ಲದೆ ಹೋಗುತ್ತಿರುವ ನೀರು. ಗಿರಾಕಿ ಬಂದು "ಮೋಟ್ರು ಆಯ್ತಾ?" ಎಂದು ಕೇಳಿದಾಗ, ಅಷ್ಟು ಆಳದಿಂದ ಮೇಲೆ ಬರಲು ನನಗೆ ಸ್ವಲ್ಪ ಹೊತ್ತು ಬೇಕಾಗುತ್ತದೆ.

ಅಂಥ ಒಂದು ಮಧ್ಯಾಹ್ನ ನನಗೆ ಆ ಮಹಾ ಉಪಾಯ ಹೊಳೆಯಿತು. ಹಾಳಾದ ಪಂಪಿನ ಸ್ಟೀಲ್ ಕೊಳವೆಯೊಂದನ್ನು ಮೊಳದುದ್ದ ಕತ್ತರಿಸಿದೆ. ಒಳಗೆ ಒಂದು ಮೈಕು, ತುದಿಗೆ ಉಕ್ಕಿನ ಮೂತಿ, ಹಿಂದೆ ಉದ್ದದ ತಂತಿ. ಬೋರಿನೊಳಗೆ ಇಳಿಸಿ ತಂತಿ ಜಗ್ಗಿದರೆ ಮೂತಿ ಗೋಡೆಗೆ ಕುಟ್ಟುತ್ತದೆ. ಸದ್ದು ತಂತಿಯಲ್ಲಿ ಮೇಲೆ ಬಂದು ನನ್ನ ಕಿವಿಯ ಇಯರ್‌ಫೋನಿಗೆ ತಲುಪುತ್ತದೆ. ಜಂಬಿಟ್ಟಿಗೆ ದೊಬ್ ಎನ್ನುತ್ತದೆ, ಕರಿಕಲ್ಲು ಟಣ್ ಎನ್ನುತ್ತದೆ. ಹೀಗೆ ಬಾವಿಯೊಳಗೆ ಇಳಿಸಿ ಕಲ್ಲಿನ ಜಾತಿ ತಿಳಿಯುವ ಸಾಧನಕ್ಕೆ ಇಂಗ್ಲಿಷಿನಲ್ಲಿ ಲಾಗಿಂಗ್ ಟೂಲ್ ಎನ್ನುತ್ತಾರೆ.

"ಲಾಗಿಂಗ್ ಅಂದ್ರೆ ಮರ ಕಡಿಯೋದಲ್ವನ್ರೀ?" ಎಂದಳು ನನ್ನ ಹೆಂಡತಿ ಶಾರದೆ. "ನಾಟಾ ವ್ಯವಹಾರ ನಮ್ಗೆ ಎಂತಕ್ಕೆ? ಫಾರೆಸ್ಟಿನವ್ರು ಬಂದ್ರೆ ಮನೆ ನನ್ನ ಹೆಸ್ರಲ್ಲಿರೋದು."

ಇದು ಮರದ ಮಾತಲ್ಲ, ಕಲ್ಲಿನ ಮಾತು ಎಂದು ತಿಳಿಸಿ ಹೇಳಿ, ಪೇಟೆಂಟಿಗೆ ಅರ್ಜಿ ಹಾಕಿದೆ. ಪೇಟೆಂಟ್ ಎಂದರೆ ಈ ಉಪಾಯ ಇಂಥವನದೇ ಎಂದು ಸರ್ಕಾರವೇ ಒಪ್ಪಿ ಬರೆದುಕೊಡುವುದು. ಬಹಳ ಕಾಲದ ಮೇಲೆ ಪರೀಕ್ಷಕರ ಆಕ್ಷೇಪಣೆ ಬಂತು. ಎಣ್ಣೆ ಬಾವಿ ತೋಡುವವರ ಬಳಿ ಇಂಥ ಸಾಧನಗಳು ಬೇಕಾದಷ್ಟಿವೆಯಂತೆ, ಇದರಲ್ಲಿ ಹೊಸತೇನು ಎಂದು ಕೇಳಿದ್ದರು. ನಾನು ಬಿಡಲಿಲ್ಲ. ಕೊನೆಗೆ ವಿಡಿಯೋ ಕಾಲ್‌ನಲ್ಲಿ ವಿಚಾರಣೆ ಎಂದು ಗೊತ್ತಾಯಿತು. ಪ್ರಯೋಗ ಮಾಡಿ ತೋರಿಸುತ್ತೇನೆ ಎಂದು ನಾನೇ ದುಂಬಾಲು ಬಿದ್ದೆ. ಇದೇ ಕೊನೆಯ ಅವಕಾಶ. ಒಪ್ಪಿದರೆ ನನ್ನ ಹೆಸರು ಉಳಿಯಿತು, ಇಲ್ಲವಾದರೆ ಅರ್ಜಿ ವಜಾ.

ಹಿಂದಿನ ದಿನ ಊಟಕ್ಕೆ ಕೂತಾಗ ಈ ವಿಷಯ ಎತ್ತಿದೆ. ತೀರ್ಥಹಳ್ಳಿಯಿಂದ ಬಂದಿದ್ದ ನಮ್ಮ ಅತ್ತೆ, ಅಂದರೆ ಶಾರದೆಯ ತಾಯಿ, ಬಡಿಸುತ್ತಿದ್ದರು. ಅವರಿಗೆ ಕಿವಿ ಸ್ವಲ್ಪ ಮಂದ.

"ಪೇಟೆಂಟಿನವ್ರು ನಾಳೆ ಬರ್ತಾರೆ, ಹನ್ನೊಂದು ಗಂಟೆಗೆ," ಎಂದೆ.

"ಎಷ್ಟು ಜನ?" ಎಂದರು ಅತ್ತೆ.

"ಒಬ್ರೇ ಅತ್ತೆ. ಆದ್ರೆ ಎಲ್ಲ ಅವ್ರ ಕೈಲೇ ಇರೋದು."

"ಬೇಗ ಹೊರಟುಬಿಡ್ತಾರಾ?"

"ಇಲ್ಲ, ಮುಗಿಯೋ ಹೊತ್ತಿಗೆ ಊಟದ ಹೊತ್ತೇ ಆಗುತ್ತೆ."

ಅತ್ತೆ ಗಂಭೀರವಾಗಿ ತಲೆಯಾಡಿಸಿದರು. ವಿಜ್ಞಾನದ ಬಗ್ಗೆ ಅವರಿಗೆ ಇಷ್ಟು ಕಾಳಜಿ ಇದೆಯೆಂದು ನನಗೆ ಗೊತ್ತಿರಲಿಲ್ಲ. ಕಣ್ಣು ತುಂಬಿ ಬಂತು.

ಮರುದಿನ ಕರೆಂಟು ಇರಲಿಲ್ಲ. ನನಗೇನೂ ತೊಂದರೆಯಿಲ್ಲ, ನನ್ನ ಸಾಧನ ಬ್ಯಾಟರಿಯದು. ನಮ್ಮ ಹಿತ್ತಲಿನಲ್ಲಿ ಒಂದು ಬೋರು ಇದೆ. ಕೊರೆಸಿದ ದಿನದಿಂದ ಅದರಲ್ಲಿ ಧೂಳಲ್ಲದೆ ಬೇರೇನೂ ಬಂದಿಲ್ಲ. ಟೂಲನ್ನು ಚೆನ್ನಾಗಿ ಒರೆಸಿ ಹಿತ್ತಲ ಕಟ್ಟೆಯ ಮೇಲಿಟ್ಟೆ. ತಂತಿಯ ಸುರುಳಿಯನ್ನು ಬೋರಿನ ಬಾಯಿಯ ಪಕ್ಕದಲ್ಲಿ ಬಿಚ್ಚಿಟ್ಟೆ. ಶಾರದೆ ಮೊಬೈಲನ್ನು ನನ್ನ ಮುಖಕ್ಕೆ ಹಿಡಿದು ನಿಂತಳು.

ಪರದೆಯ ಮೇಲೆ ಒಬ್ಬ ಹೆಣ್ಣುಮಗಳು ಕಾಣಿಸಿಕೊಂಡರು. ನಾನು ಬಾಯಿಪಾಠ ಮಾಡಿದ್ದ ಇಂಗ್ಲಿಷನ್ನು ಆರಂಭಿಸಿದ ಕೂಡಲೇ ಅವರು ನಕ್ಕರು. "ಕನ್ನಡದಾಗ ಹೇಳ್ರಿ. ನಾ ಗದಗ ಕಡೆಯಾಕಿ."

ನನಗೆ ಹೋದ ಜೀವ ಬಂದಂತಾಯಿತು. ಸಾಧನದ ಗುಣಗಾನ ಮಾಡಿದೆ. ಆಮೇಲೆ ಬಗ್ಗಿ, ದೇವರನ್ನು ನೆನೆದು, ಕಣ್ಣು ಮುಚ್ಚಿ, ಕೈಗೆ ಸಿಕ್ಕಿದ ತಂತಿಯನ್ನು ಬೋರಿನೊಳಗೆ ಬಿಡುತ್ತಾ ಹೋದೆ. ತಂತಿ ಸರಸರ ಇಳಿಯಿತು. ಅದರ ತುದಿಯ ಟೂಲೂ ಇಳಿಯುತ್ತಿದೆಯೇ ಎಂದು ನೋಡಬೇಕೆಂದು ನನಗೆ ಹೊಳೆಯಲಿಲ್ಲ.

ಕಿವಿಯಲ್ಲಿ ಸದ್ದು ಶುರುವಾಯಿತು. ದೊಬ್, ದೊಬ್.

"ಜಂಬಿಟ್ಟಿಗೆ, ಮೇಡಂ," ಎಂದೆ.

ಆಶ್ಚರ್ಯವೆಂದರೆ ನಾನು ತಂತಿ ಜಗ್ಗದೆಯೇ ಸದ್ದು ಬರುತ್ತಿತ್ತು. ಯಂತ್ರ ಪಳಗಿದೆ ಎಂದುಕೊಂಡೆ. ಸ್ವಲ್ಪ ಹೊತ್ತಿಗೆ ಸದ್ದು ಪಚಕ್ ಪಚಕ್ ಎಂದು ತಿರುಗಿತು.

"ಈಗ ಶೇಡಿಮಣ್ಣು. ಬಹಳ ನಯವಾದದ್ದು."

ಆಹಾ, ಆ ಗಳಿಗೆ! ನಾನು ಹಿತ್ತಲಲ್ಲಿ ಇರಲಿಲ್ಲ. ತಂತಿಯ ಜೊತೆ ನಾನೂ ಇಳಿಯುತ್ತಿದ್ದೆ. ಸುತ್ತ ತಂಪು ಕತ್ತಲೆ. ಮಣ್ಣು ನನ್ನನ್ನು ಗುರುತು ಹಿಡಿದು ದಾರಿ ಬಿಡುತ್ತಿತ್ತು. ಎಲ್ಲಿಂದಲೋ ಬೆಳ್ಳುಳ್ಳಿಯ ವಾಸನೆ ಬಂತು. ಪಾತಾಳದಲ್ಲಿ ಬೆಳ್ಳುಳ್ಳಿ ವಾಸನೆ ಇರುತ್ತದೆಂದು ಈವರೆಗೆ ಯಾವ ವಿಜ್ಞಾನಿಯೂ ಹೇಳಿಲ್ಲ, ಇದನ್ನೂ ಅರ್ಜಿಗೆ ಸೇರಿಸಬೇಕು ಎಂದುಕೊಂಡೆ. ಅಷ್ಟರಲ್ಲಿ ಟಣ್ ಎಂದಿತು.

"ಕರಿಕಲ್ಲು ಮೇಡಂ. ಅಪ್ಪಟ ಕರಿಕಲ್ಲು. ಒಂದು ಬಿರುಕೂ ಇಲ್ಲ."

ಆಮೇಲೆ ಬುಳುಬುಳು ಸದ್ದು.

"ನೀರು," ಎಂದು ಕೂಗಿಬಿಟ್ಟೆ. ಶಾರದೆ ಫೋನು ಹಿಡಿದುಕೊಂಡೇ ಕೈ ಮುಗಿದಳು. ಈ ಬೋರಿಗಾಗಿ ಅವಳು ಹೊರದ ಹರಕೆಯಿಲ್ಲ.

ಆಗ ಬೆನ್ನ ಹಿಂದಿನಿಂದ ಅತ್ತೆಯ ದನಿ ಕೇಳಿತು. "ನೆಂಟ್ರು ಬಂದ್ರಾ?"

ಕಣ್ಣು ಬಿಟ್ಟು ತಿರುಗಿ ನೋಡಿದೆ. ಅತ್ತೆ ಸೆರಗು ಸಿಕ್ಕಿಸಿಕೊಂಡು ನಿಂತಿದ್ದರು. ಕೈಯಲ್ಲಿ ನನ್ನ ಲಾಗಿಂಗ್ ಟೂಲು! ಆಗತಾನೆ ತೊಳೆದದ್ದು, ನೀರು ತೊಟ್ಟಿಕ್ಕುತ್ತಿತ್ತು. ಅದರ ತಂತಿ ಅತ್ತೆಯ ಕೈಯಿಂದ ಹೊರಟು, ಹಿತ್ತಲ ಮೂಲೆಯಲ್ಲಿ ಗೋಡೆಯ ಮರೆಗಿದ್ದ ಒರಳುಕಲ್ಲನ್ನು ಬಳಸಿ, ಬೋರಿನೊಳಗೆ ಇಳಿದು ತಿರುಗಿ ನನ್ನ ಕಿವಿಗೆ ಬಂದಿತ್ತು.

"ಅತ್ತೆ, ಇದು..." ಎಂದೆ.

"ಕರೆಂಟಿಲ್ಲ, ಮಿಕ್ಸಿ ತಿರುಗ್ತಿಲ್ಲ. ಕೋಳಿ ಸಾರಿಗೆ ಮಸಾಲೆ ಕುಟ್ಟಕ್ಕೆ ಒಂದು ಒನಕೆನೂ ಇಲ್ಲ ಈ ಮನೇಲಿ. ಕಟ್ಟೆ ಮೇಲೆ ಇದು ಸಿಕ್ತು. ಬಾಲ ಇತ್ತು, ಇದ್ರೆ ಇರ್ಲಿ ಅಂತ ಕುಟ್ಟಿದೆ. ಪೇಟೆ ನೆಂಟ್ರು ಬರ್ತಾರೆ ಅಂತ ನಿನ್ನೆ ನೀವೇ ಹೇಳಿದ್ರಲ್ಲ. ಕಡುಬೂ ಆಗಿದೆ."

ಪೇಟೆಂಟಿನವರು ಅತ್ತೆಯ ಕಿವಿಯಲ್ಲಿ ಪೇಟೆ ನೆಂಟರಾಗಿದ್ದರು. ಅತ್ತೆ ಫೋನಿನೊಳಗೆ ಇಣುಕಿದರು. "ಇವ್ರೇನಾ? ಫೋನಲ್ಲೇ ಬಂದ್ರೆ ಊಟ ಹೆಂಗೆ ಹಾಕೋದು? ಯಾವ ಕಡೆಯವ್ರಮ್ಮ ನೀವು?"

"ಗದಗ, ಅಜ್ಜಿ," ಎಂದರು ಪರೀಕ್ಷಕಿ. ಅವರ ತುಟಿ ಬಿಗಿದಿದ್ದರೂ ಭುಜ ಕುಲುಕುತ್ತಿತ್ತು.

ನಾನು ಸೋಲೊಪ್ಪುವವನಲ್ಲ. "ಮೇಡಂ, ಒರಳು ಕರಿಕಲ್ಲಿನದೇ. ಗುರುತಿಸಿದ್ದು ತಪ್ಪಾಗಿಲ್ಲ," ಎಂದೆ.

"ಖರೇ ಅದ. ಆದ್ರ ಅದು ನೆಲದ ಮ್ಯಾಲೆ ಐತಲ್ರಿ," ಎಂದರು. ಆಮೇಲೆ ನಗು ನಿಲ್ಲಿಸಿ ಮೆಲ್ಲಗೆ ಕೇಳಿದರು. "ಒಂದು ಮಾತು ಹೇಳ್ರಿ. ಯಂತ್ರ ಸಪ್ಪಳ ಕಳಿಸ್ತದ. ಇದು ಇಂಥಾ ಕಲ್ಲು ಅಂತ ಗುರುತು ಹಿಡಿಯೋರು ಯಾರು?"

"ನಾನೇ ಮೇಡಂ."

"ಹ್ಯಾಂಗ?"

ಸುಳ್ಳು ಹೇಳಲು ಬಾಯಿ ಬರಲಿಲ್ಲ. "ಕಣ್ಣು ಮುಚ್ಚಿದ್ರೆ ಕಾಣುತ್ತೆ," ಎಂದೆ.

ಅವರು ಏನನ್ನೋ ಬರೆದುಕೊಂಡರು. ಎಷ್ಟೋ ಹೊತ್ತು ಬರೆದರು. ಅತ್ತೆ ಮಾತ್ರ, ಈ ಕಡೆ ಬಂದಾಗ ಊಟ ಮಾಡದೆ ಹೋಗಬಾರದು ಎಂದು ಅವರಿಂದ ಮಾತು ತೆಗೆದುಕೊಂಡೇ ಬಿಟ್ಟರು.

ಆದೇಶ ಬಂದಾಗ ಮೊದಲು ಮೇಲ್ಭಾಗ ಓದಿದೆ. ನನ್ನ ಪೂರ್ತಿ ಹೆಸರು, ಇನಿಷಿಯಲ್ ಸಮೇತ, ಒಂದು ಅಕ್ಷರವೂ ತಪ್ಪಿಲ್ಲದೆ ಅಚ್ಚಾಗಿತ್ತು. ಪಕ್ಕದಲ್ಲಿ ಸಂಶೋಧಕ ಎಂದಿತ್ತು. ಸುಳ್ಳೇಕೆ, ಖುಷಿಯಾಯಿತು. ಅದನ್ನೇ ಮತ್ತೆ ಮತ್ತೆ ಓದಿ, ಮನಸ್ಸಿಲ್ಲದ ಮನಸ್ಸಿನಿಂದ ಕೆಳಗಿಳಿದೆ. ಅರ್ಜಿ ವಜಾ ಆಗಿತ್ತು.

"ಯಾಕಂತೆ?" ಎಂದಳು ಶಾರದೆ.

"ಕಲ್ಲು ಗುರುತಿಸೋದು ಯಂತ್ರ ಅಲ್ವಂತೆ, ನಾನಂತೆ. ಬರೀ ಮನಸ್ಸಿನೊಳಗೆ ನಡೆಯೋ ಕೆಲ್ಸಕ್ಕೆ ಕಾನೂನಲ್ಲಿ ಪೇಟೆಂಟ್ ಕೊಡಂಗಿಲ್ವಂತೆ."

ಅವಳು ಕಾಗದವನ್ನು ತೆಗೆದುಕೊಂಡು ನನ್ನ ಹೆಸರಿನ ಮೇಲೆ ಒಮ್ಮೆ ಬೆರಳಾಡಿಸಿದಳು. "ಕೊಡೋ ಹಂಗಿದ್ರೆ, ಮನಸಲ್ಲೇ ಮಂಡಿಗೆ ತಿನ್ನೋದ್ರಲ್ಲಿ ದೇಶದಲ್ಲಿ ಮೊದಲ್ನೇದು ನಿಮ್ಗೇ ಸಿಗ್ತಿತ್ತು ಬಿಡಿ," ಎಂದು ಅದನ್ನು ಜೋಪಾನವಾಗಿ ಮಡಚಿ ಬೀರುವಿನಲ್ಲಿ ಮನೆಪತ್ರದ ಜೊತೆ ಇಟ್ಟಳು.

ಈ ಆದೇಶದ ವಿರುದ್ಧ ಮೇಲ್ಮನವಿ ಸಲ್ಲಿಸಲು ಅವಕಾಶವಿದೆಯಂತೆ. ಸದ್ಯಕ್ಕೆ ಮನಸ್ಸಿನಲ್ಲೇ ಸಲ್ಲಿಸಿದ್ದೇನೆ.