ರವಿವಾರಕ್ಕೊಮ್ಮೆ ಸಾಯುವ ಕಾಕಾ

ನಮ್ಮ ಕಾಕಾ ಇದುವರೆಗೆ ಎಷ್ಟು ಸಲ ಸತ್ತಿದ್ದಾರೆ ಎಂದು ಕೇಳಿದರೆ ನನಗೆ ಹೇಳಲಾಗದು. ನಿವೃತ್ತರಾದ ಮೇಲೆ ರವಿವಾರಕ್ಕೊಮ್ಮೆಯಂತೂ ತಪ್ಪಿಲ್ಲ. ಯುಗಾದಿ, ದೀಪಾವಳಿ ಬಂದರೆ ಮಾತ್ರ ಸಾವಿಗೆ ರಜೆ. ಸತ್ತು ಅರ್ಧ ತಾಸಿನೊಳಗೇ ಎದ್ದು ಕೂತು, ಎಂದಿಗಿಂತ ಒಂದು ರೊಟ್ಟಿ ಹೆಚ್ಚಿಗೇ ತಿನ್ನುತ್ತಾರೆ. ನಗಬೇಡಿ, ಇದರ ಹಿಂದೆ ಸರ್ಕಾರಿ ನಿಯಮಗಳಿವೆ!

ಕಾಕಾ ಎಂದರೆ ನಮ್ಮ ತಂದೆಯ ತಮ್ಮ. ಮನೆ ಸಿಂದಗಿಯಲ್ಲಿ, ಮಾಸ್ತರಿಕೆ ಮಾಡಿದ್ದು ಮೋರಟಗಿ ಕಡೆಯ ಹಳ್ಳಿಗಳಲ್ಲಿ. ಅವರು ಹುಟ್ಟಿದ್ದು ಶ್ರಾವಣದಲ್ಲಿ ಎಂದು ಅಜ್ಜಿ ಆಣೆ ಮಾಡಿ ಹೇಳುತ್ತಿದ್ದಳು. ಆದರೆ ಶಾಲೆಗೆ ಸೇರಿಸಿಕೊಂಡ ಮಾಸ್ತರರು ಜೂನ್ ಒಂದು ಎಂದು ಬರೆದುಬಿಟ್ಟರು. ನಮ್ಮ ಕಡೆ ಅರ್ಧ ಊರು ಜೂನ್ ಒಂದಕ್ಕೇ ಹುಟ್ಟಿದೆ. ಹಾಗಾಗಿ ಮೇ ಮೂವತ್ತೊಂದಕ್ಕೆ ಮಾಸ್ತರರೆಲ್ಲ ಒಮ್ಮೆಗೇ ನಿವೃತ್ತರಾಗುತ್ತಾರೆ, ಪೇಟೆಯಲ್ಲಿ ಹಾರ, ಶಾಲು ಸಿಗುವುದಿಲ್ಲ. ಸಂಜೆ ತಮಗೆ ಹೊದಿಸಿದ ಶಾಲು ಅದೇ ದಿನ ಬೆಳಿಗ್ಗೆ ಇನ್ನೊಬ್ಬ ಮಾಸ್ತರರ ಹೆಗಲ ಮೇಲಿತ್ತು ಎಂಬುದು ಕಾಕಾ ಅವರ ಗಟ್ಟಿ ಅನುಮಾನ.

ಇಂಥ ಮನುಷ್ಯನಿಗೆ ಸಾಯುವ ಚಟ ಯಾಕೆ ಹತ್ತಿತು? ಮುದ್ದೇಬಿಹಾಳದಲ್ಲಿ ಅವರ ಹಳೆಯ ಗೆಳೆಯ, ಅವರೂ ಮಾಸ್ತರರೇ, ತೀರಿಕೊಂಡರು. ಗಂಡನ ಪಿಂಚಣಿ ಹೆಂಡತಿಗೆ ಕುಟುಂಬ ಪಿಂಚಣಿಯಾಗಿ ಬರಬೇಕು. ಆ ತಾಯಿಗೆ ಯಾವ ಕಾಗದ ಎಲ್ಲಿದೆ ಎಂಬುದೇ ಗೊತ್ತಿರಲಿಲ್ಲ. ಒಂದು ಟೇಬಲ್ಲಿನಿಂದ ಇನ್ನೊಂದಕ್ಕೆ ಅಲೆದು ಹೈರಾಣಾಗಿ ಹೋದರು. ಅದನ್ನು ಕಣ್ಣಾರೆ ನೋಡಿ ಬಂದ ಕಾಕಾ ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. ಮೂರನೆಯ ದಿನ ಹೆಂಡತಿಯನ್ನು, ಅಂದರೆ ನಮ್ಮ ಕಾಕುವನ್ನು, ಕರೆದು, "ನಾ ಹೋದ ಮ್ಯಾಲೆ ನೀ ಯಾರ ಮುಂದೂ ಕೈಕಟ್ಟಿ ನಿಂದರಬಾರದು. ಇವತ್ತಿಂದ ತಾಲೀಮು" ಎಂದರು.

ತಾಲೀಮು ಹೀಗಿರುತ್ತದೆ. ರವಿವಾರ ಸ್ನಾನ, ಪೂಜೆ ಮುಗಿಸಿ ಕಾಕಾ ಪಡಸಾಲೆಯ ಮಂಚದ ಮೇಲೆ ಮಲಗಿ, "ನಾ ಸತ್ತೆ" ಎಂದು ಘೋಷಿಸುತ್ತಾರೆ. ಕಾಕು ಕಪಾಟಿನಿಂದ ಹಸಿರು ಫೈಲು ತೆಗೆಯಬೇಕು. ಅಷ್ಟರಲ್ಲಿ ಸತ್ತವರೇ ಎದ್ದು ಟೇಬಲ್ಲಿನ ಹಿಂದೆ ಕೂತು ಗುಮಾಸ್ತರಾಗಿರುತ್ತಾರೆ.

"ಏನ್ ಬೇಕಾಗಿತ್ತವಾ?"

"ನಮ್ಮವರು ತೀರಿಕೊಂಡಾರ್ರಿ."

"ಯಜಮಾನ್ರ ಹೆಸರು?"

"ನಿಮ್ಮ ಹೆಸರ ರೀ."

ಗಂಡನ ಹೆಸರು ಹೇಳದ ರೂಢಿ ಕಾಕುವಿನದು. ಕಾಕಾ ತಲೆ ಚಚ್ಚಿಕೊಳ್ಳುತ್ತಾರೆ. ಮರಣ ಪ್ರಮಾಣ ಪತ್ರ ಕೇಳಿದರೆ ಕಾಕು ಲೈಟ್ ಬಿಲ್ಲು ಕೊಡುತ್ತಾಳೆ. ಪಿಂಚಣಿ ಆದೇಶದ ನಂಬರು ಕೇಳಿದರೆ ಗ್ಯಾಸಿನ ನಂಬರು ಹೇಳುತ್ತಾಳೆ. ಒಮ್ಮೆ ಕಾಕಾ ಅಸಲಿ ಗುಮಾಸ್ತನ ಗತ್ತಿನಲ್ಲಿ, "ಸಾಹೇಬ್ರು ಮೀಟಿಂಗಿನ್ಯಾಗ ಅದಾರ, ನಾಳೆ ಬರ್ರಿ" ಎಂದರು. "ಹಂಗಾರ ಚಹಾನೂ ನಾಳೇನ ರೀ" ಎಂದು ಕಾಕು ಅಡಿಗೆ ಮನೆಗೆ ಹೋದವಳು ಹೊರಬರಲೇ ಇಲ್ಲ. ಪ್ರತಿ ವಾರ ನಾಪಾಸು. ಕಾಕಾ ಹಾಜರಿ ಪುಸ್ತಕದಂಥ ವಹಿಯಲ್ಲಿ ಕೆಂಪು ಶಾಯಿಯಿಂದ ಗುಂಡು ಸುತ್ತಿ, ಪಾಲಕರ ಸಹಿಯ ಜಾಗದಲ್ಲಿ ತಾವೇ ರುಜು ಹಾಕುತ್ತಿದ್ದರು.

ಮನೆಯಲ್ಲಿ ಸುಧಾರಣೆ ಕಾಣದಾದಾಗ ಕಾಕಾ ಬ್ಯಾಂಕಿನಲ್ಲೇ ಪ್ರಾಯೋಗಿಕ ಪರೀಕ್ಷೆ ಇಟ್ಟರು. ಬಸವನ ಬಾಗೇವಾಡಿಯಿಂದ ನನ್ನನ್ನು ಮೇಲ್ವಿಚಾರಕನಾಗಿ ಕರೆಸಿದರು. "ಏನೇನ್ ಕಾಗದ ಬೇಕು ಅಂತ ಕೇಳ್ಕೊಂಡು ಬರೂದು, ಅಷ್ಟ" ಎಂದು ಕಾಕುವಿಗೆ ತಾಕೀತು ಮಾಡಿ, ತಾವು ಎದುರಿನ ಚಹಾದಂಗಡಿಯಲ್ಲಿ ಪೇಪರು ಅಡ್ಡ ಹಿಡಿದು ಕೂತರು.

ನಾನು ಸಾಲಿನಲ್ಲಿ ಕಾಕುವಿನ ಹಿಂದೆಯೇ ನಿಂತಿದ್ದೆ. ಅವಳು ಕೌಂಟರಿನ ಹುಡುಗಿಗೆ ಗಂಡ ತೀರಿಕೊಂಡ ಸುದ್ದಿ ಹೇಳಿದಳು. ಗಂಡನ ಹೆಸರನ್ನು ಅಡ್ಡಹೆಸರಿನ ಸಮೇತ ಹೇಳಿದಳು. ಖಾತೆ ನಂಬರು, ಪಿಂಚಣಿ ಆದೇಶದ ನಂಬರು ಎಲ್ಲ ಬಾಯಿಪಾಠ! ಜಂಟಿ ಫೋಟೊ ಎಷ್ಟು ಪ್ರತಿ ಬೇಕು ಎಂದು ಅವಳೇ ತಿರುಗಿ ಕೇಳಿದಳು. ಆ ಹುಡುಗಿ ಮರುಗಿ, ನೀರು ಕೊಟ್ಟು, ಕಾಗದದ ಪಟ್ಟಿ ಬರೆದುಕೊಟ್ಟಳು. ಜೊತೆಗೆ, ಸತ್ತವರ ಖಾತೆಯಿಂದ ಯಾರೂ ದುಡ್ಡು ತೆಗೆಯದಿರಲೆಂದು ಖಾತೆಯನ್ನೂ ತಡೆಹಿಡಿದಳು. ಅದು ನಮಗೆ ತಿಳಿದದ್ದು ಮರುದಿನ, ಕಾಕಾ ದುಡ್ಡು ತರಲು ಹೋದಾಗ.

"ಈ ಖಾತೆಯವರು ತೀರಿಕೊಂಡಾರ್ರಿ ಅಜ್ಜಾರ."

"ಯಾರ್ ಹೇಳಿದ್ರು?"

"ಅವರ ಮನಿಯವರ ಬಂದು ಹೇಳ್ಯಾರ."

"ಅವನ ನಾನು."

ಅಷ್ಟು ಹೇಳಿದರೆ ಯಾರು ನಂಬುತ್ತಾರೆ? ಬದುಕಿರುವುದಕ್ಕೆ ಪುರಾವೆ ಬೇಕು. ಹೆಬ್ಬೆರಳು ಇಟ್ಟರೆ ಯಂತ್ರಕ್ಕೆ ಗೆರೆ ಸಿಗಲಿಲ್ಲ, ಸೀಮೆಸುಣ್ಣ ಹಿಡಿದು ಹಿಡಿದು ಸವೆದಿದ್ದವು. ಮೊಬೈಲಿನಲ್ಲಿ ಮುಖ ತೋರಿಸಿ ಕಣ್ಣು ಮಿಟುಕಿಸಬೇಕಂತೆ. ಕಾಕಾ ಶಾಲೆಯ ಗ್ರೂಪ್ ಫೋಟೊಕ್ಕೆ ನಿಂತವರಂತೆ ಸೆಟೆದು ಕೂತರು, ರೆಪ್ಪೆ ಅಲುಗಲಿಲ್ಲ. ಮೂರು ಸಲ ಆಯಿತು. ಕೊನೆಗೆ ಸಿಟ್ಟು ನೆತ್ತಿಗೇರಿ, ಸಾಲು ಮುರಿದು ಗದ್ದಲ ಮಾಡುತ್ತಿದ್ದ ಗಿರಾಕಿಗಳನ್ನೆಲ್ಲ ಬೈದು, ಎತ್ತರದ ಪ್ರಕಾರ ನಿಲ್ಲಿಸಿಬಿಟ್ಟರು. ಆ ಸಿಟ್ಟಿನಲ್ಲಿ ರೆಪ್ಪೆ ಪಟಪಟ ಬಡಿಯಿತು, ಮೊಬೈಲು ಒಪ್ಪಿಕೊಂಡಿತು.

ಮನೆಗೆ ಬಂದು ಕಾಕಾ ವಹಿ ತೆಗೆದು ಸೊನ್ನೆ ಸುತ್ತಿದರು. "ಕೇಳ್ಕೊಂಡು ಬಾ ಅಂದ್ರ ನನ್ನ ಖಾತೇನ ಬಂದ್ ಮಾಡಿಸಿ ಬಂದಾಳ."

ಮುಂದಿನ ರವಿವಾರ ನಾನು ಅಲ್ಲೇ ಇದ್ದೆ. ಕಾಕಾ ಸತ್ತರು, ಎದ್ದರು, ಯಜಮಾನರ ಹೆಸರು ಕೇಳಿದರು. "ನಿಮ್ಮ ಹೆಸರ ರೀ" ಎಂದಳು ಕಾಕು. ಮತ್ತೆ ನಾಪಾಸು. ನಾನು ಅವಳ ಹಿಂದೆಯೇ ಅಡಿಗೆ ಮನೆಗೆ ಹೋದೆ.

"ಕಾಕು, ಬ್ಯಾಂಕಿನ್ಯಾಗ ಎಲ್ಲಾ ಪಟಪಟ ಹೇಳಿದಿ. ನಿನಗ ಬರ್ತೈತಿ. ಮನ್ಯಾಗ ಯಾಕ ಹಿಂಗ ಮಾಡ್ತಿ?"

ಅವಳು ಪಡಸಾಲೆಯ ಕಡೆ ಒಮ್ಮೆ ನೋಡಿ ದನಿ ತಗ್ಗಿಸಿದಳು.

"ಅವತ್ತು ಅವರು ಹೊರಗ ಇದ್ರು, ಕೇಳಸ್ತಿರಲಿಲ್ಲ. ನಿನಗ ಅವರ ಸ್ವಭಾವ ಗೊತ್ತಿಲ್ಲ ತಮ್ಮಾ. ಎರಡು ಸಲ ಊರಿಗೆ ಹತ್ರದ ಶಾಲಿಗೆ ವರ್ಗಾವಣಿ ಬಂದಿತ್ತು, ಹೋಗಲಿಲ್ಲ. ವರ್ಗದಾಗ ಒಬ್ಬ ಹುಡುಗಗ ಓದಾಕ ಬರೂದಿಲ್ಲ, ಹೆಂಗ ಬಿಟ್ಟು ಹೋಗಲಿ ಅಂದ್ರು. ನಾ ಪಾಸಾದ್ನಿ ಅಂದ್ರ ಅವರಿಗೆ ನಿಶ್ಚಿಂತಿ ಆಗಿಬಿಡ್ತೈತಿ."

ಇಷ್ಟು ದಿನ ಇವಳ ದಡ್ಡತನಕ್ಕೆ ನಕ್ಕಿದ್ದೆನಲ್ಲ ಎಂದು ನಾಚಿಕೆಯಾಯಿತು. ಕಾಕು ಸೆರಗಿನಿಂದ ಕಣ್ಣೊರೆಸಿಕೊಂಡು ಚಹಾ ಸೋಸಿದಳು.

"ನಾ ಪಾಸಾಗೂದಿಲ್ಲಪಾ. ನಾಪಾಸಾದವರನ್ನ ಬಿಟ್ಟು ಅವರು ಎಲ್ಲಿಗೂ ಹೋಗೂದಿಲ್ಲ."