ಫಿಲ್ಟರಿಗೆ ಸಿಗದ ಟಗರು

ಯಾವುದನ್ನೂ ಸುಲಭವಾಗಿ ನಂಬಬೇಡ ಎಂದು ವಿಶ್ವವಿದ್ಯಾಲಯದಲ್ಲಿ ನನಗೆ ಕಲಿಸಿದರು. ಶ್ರದ್ಧೆಯಿಂದ ಕಲಿತೆ. ಮೊದಲು ದೇವರನ್ನು, ಆಮೇಲೆ ಪತ್ರಿಕೆಗಳನ್ನು, ಮದುವೆಯಾದ ಮೇಲೆ ನನ್ನ ನೆನಪನ್ನೇ ಅನುಮಾನಿಸತೊಡಗಿದೆ. ಈಗ ಮಧುಗಿರಿಯ ಮನೆಗೆ ಬೀಗ ಹಾಕಿ ಬಸ್ ಸ್ಟ್ಯಾಂಡಿನವರೆಗೆ ಹೋಗಿ, ಹಾಕಿದೆನೋ ಇಲ್ಲವೋ ಎಂದು ವಾಪಸ್ ಬರುತ್ತೇನೆ. ಬಂದು ನೋಡಿದರೆ ಹೆಂಡತಿ ಒಳಗಿನಿಂದ ಬಾಗಿಲು ಬಡಿಯುತ್ತಿರುತ್ತಾಳೆ.

ಇಂಥವನ ಕೈಗೆ ನಮ್ಮ ನಾಲ್ಕು ತಾಲ್ಲೂಕಿನ ಕುರಿ ಸಾಕುವವರು ತಮ್ಮ ವೆಬ್‌ಸೈಟ್ ಕೊಟ್ಟರು. ಮಾರಾಟಕ್ಕಿರುವ ಕುರಿಗಳ ಟೇಬಲ್ ಮಾಡಬೇಕಿತ್ತು: ಊರು, ತೂಕ, ವಯಸ್ಸು. ಕುರಿಯ ವಯಸ್ಸನ್ನು ನಮ್ಮಲ್ಲಿ ವರ್ಷದಲ್ಲಿ ಹೇಳುವುದಿಲ್ಲ, ಬಾಯಿ ಬಿಡಿಸಿ ಮುಂದಿನ ಹಲ್ಲು ಎಣಿಸಿ ಹೇಳುತ್ತಾರೆ. ಎರಡು, ನಾಲ್ಕು, ಆರು. ಎಂಟೂ ಬಂದರೆ ಎಣಿಸುವುದನ್ನೇ ಬಿಟ್ಟು ‘ಬಾಯಿಗೂಡಿದೆ’ ಎನ್ನುತ್ತಾರೆ. ಜನ ಫೋನಿನಲ್ಲಿ ಹೇಳಿದ್ದನ್ನು ಹಾಗೇ ತುಂಬಿದೆ. ತೂಕದ ಕೆಳಗೆ ಒಬ್ಬರದು ‘40’, ಕೊರಟಗೆರೆಯವರೊಬ್ಬರದು ‘ಎತ್ತಿದರೆ ಸೊಂಟ ಹಿಡಿಯುತ್ತೆ’. ಹೆಚ್ಚು ತೂಕದ್ದು ಮೇಲೆ ಬರಲಿ ಎಂದರೆ, ಯಂತ್ರ ಸೊಂಟ ಹಿಡಿಯುವುದನ್ನು ಮೇಲೆ ಕೂರಿಸಿ, ಅದರ ಕೆಳಗೆ ಒಂಬತ್ತು ಕಿಲೋದ ಮರಿಯನ್ನೂ ಆಮೇಲೆ ನಲವತ್ತು ಕಿಲೋದ ಟಗರನ್ನೂ ಇಟ್ಟಿತು. ಮಾತಿನ ಜೊತೆ ಬಂದ ಅಂಕಿಯನ್ನು ಅದು ಅಕ್ಷರದಂತೆ ಓದುತ್ತದಂತೆ. ನಾಲ್ಕಕ್ಕಿಂತ ಒಂಬತ್ತು ದೊಡ್ಡದು, ಪಕ್ಕದ ಸೊನ್ನೆ ಅದರ ಕಣ್ಣಿಗೆ ಬೀಳುವುದಿಲ್ಲ.

ಅಷ್ಟರಲ್ಲಿ ಶಿರಾ ಕಡೆಯ ತಾವರೆಕೆರೆಯಿಂದ ನನ್ನ ಸೋದರಮಾವ ರಂಗಪ್ಪ ಫೋನು ಮಾಡಿದರು. “ಲೇ, ನಮ್ ಟಗರು ಕರಿಯನನ್ನೂ ಹಾಕ್ಲಾ. ಹಿಂಡಲ್ಲಿ ಅವನ ಹೆಣ್ಮಕ್ಳೇ ತುಂಬ್ಕಂಡವೆ, ಇನ್ನು ಇಟ್ಕಳಂಗಿಲ್ಲ. ಬೇರೆ ಹಿಂಡಿಗೆ ಹೋದ್ರೆ ಬದುಕ್ತಾನೆ. ಇಲ್ದಿದ್ರೆ ಶನಿವಾರ ಮಟನ್ ಅಂಗ್ಡಿಯೋನು ಹಗ್ಗ ಹಿಡ್ಕಂಡು ಬತ್ತಾನೆ.”

“ಹಲ್ಲೆಷ್ಟು ಮಾವ?”

“ಬಾಯಿಗೂಡೈತೆ ಕಣ್ಲಾ.”

ತುಂಬಿದೆ. ಹಿಂಡಿಗೊಂದು ಟಗರು ಬೇಕೆಂದು ಹುಡುಕುತ್ತಿದ್ದ ಪಾವಗಡದವರೊಬ್ಬರಿಗೆ ತಿಳಿಸಿದೆ. ಸ್ವಲ್ಪ ಹೊತ್ತಿಗೆ ಅವರ ಫೋನು: “ಫಿಲ್ಟರಲ್ಲಿ ಆರು ಹಲ್ಲು, ಅದಕ್ಕಿಂತ ಮೇಲೆ ಅಂತ ಒತ್ತಿದೆ ಸಾರ್. ಮೀ ಕರಿಯ ಲೇದು.” ನಾನೂ ಒತ್ತಿದೆ. ನಿಜವಾಗಿಯೂ ಇಲ್ಲ! ತುಂಬಿದ್ದೆನೋ, ತುಂಬಬೇಕೆಂದುಕೊಂಡಿದ್ದೆನೋ? ಮತ್ತೆ ತುಂಬಿದೆ. ಒತ್ತಿದೆ, ಮತ್ತೆ ಇಲ್ಲ. ಹೆಂಡತಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಮೂರನೆಯ ಸಲ ತುಂಬಿದೆ.

“ಈಗ ತುಂಬಿದ್ದು ನೋಡಿದೆ ತಾನೆ?”

“ನೋಡ್ದೆ ಕಣ್ರಿ. ಮೊನ್ನೆ ನನ್ನ ಒಳಗಿಟ್ಟು ಬೀಗ ಹಾಕಿದ್ದೂ ನೋಡಿದ್ದೆ.”

ಶುಕ್ರವಾರ ಸಂಜೆ ಹೊಳೆಯಿತು. ಆರಕ್ಕಿಂತ ಮೇಲೆ ಎಂದರೆ ಫಿಲ್ಟರು ಅಂಕಿಯನ್ನು ಹುಡುಕುತ್ತದೆ. ‘ಬಾಯಿಗೂಡಿದೆ’ ಎಂಬುದು ಅದರ ಪಾಲಿಗೆ ಆರಕ್ಕಿಂತ ಹೆಚ್ಚೂ ಅಲ್ಲ, ಕಡಿಮೆಯೂ ಅಲ್ಲ. ಬಾಯಿ ತುಂಬ ಹಲ್ಲಿದ್ದವನೇ ಲೆಕ್ಕದಿಂದ ಆಚೆ! ಅಂಥ ಪ್ರತಿ ಮಾತಿನ ಹಿಂದೆ ಕಾಣದಂತೆ ಒಂದು ಅಂಕಿ ಸೇರಿಸಿದೆ. ಓದುವವರಿಗೆ ‘ಬಾಯಿಗೂಡಿದೆ’, ಯಂತ್ರಕ್ಕೆ ಎಂಟು. ಆ ಖುಷಿಯಲ್ಲಿ ನಾನು ನೋಡುವುದನ್ನೇ ಮರೆತು ಪಾವಗಡಕ್ಕೆ “ಈಗ ನೋಡಿ” ಎಂದು ಫೋನು ಮಾಡಿದೆ. “ಸೂಪರ್ ಸಾರ್, ನಾಳೆ ಬೆಳಿಗ್ಗೇನೆ ಬಂದ್ಬುಡ್ತೀನಿ” ಎಂದರು.

ಬಂದರು, ದೊಡ್ಡ ಟೆಂಪೋದಲ್ಲಿ. ನಾನೂ ತಾವರೆಕೆರೆಗೆ ಹೋಗಿದ್ದೆ. ಮಾವನ ಹಟ್ಟಿಯ ಮುಂದೆ ಕರಿಯನ ಬಾಯಿ ಬಿಡಿಸಿ, ತಲೆದೂಗಿ, ಸುತ್ತಮುತ್ತ ನೋಡಿದರು. “ಮಿಗಿಲಿನವಿ ಎಕ್ಕಡ ಸಾರ್, ಇನ್ನೆರಡು? ಟೇಬಲ್‌ನಾಗೆ ಮೂರು ಅವಲ್ಲ? ಮೂರಕ್ಕೂ ಜಾಗ ಮಾಡ್ಕಂಡು ಬಂದೀನಿ.”

ಮಾವ ನನ್ನತ್ತ ತಿರುಗಿದರು. “ಏನ್ಲಾ ಇದು? ನಮ್ ಕುರಿಗಳೇ ಸಲಕ್ಕೆ ಒಂದು ಈಯ್ತವೆ. ನೀನು ಕುಂತಲ್ಲೇ ಮೂರು ಈದ್ಬುಟ್ಟಿದೀಯಲ್ಲ!”

ಮಟನ್ ಅಂಗಡಿಯವನು ಹಗ್ಗ ಹಿಡಿದು ಬರುವ ಹೊತ್ತಿಗೆ ಟೆಂಪೋ ಹೊರಟಿತ್ತು. ಕರಿಯ ಅದರ ಹಿಂಬದಿಯಿಂದ ತನ್ನ ಹೆಣ್ಣುಮಕ್ಕಳನ್ನು ನೋಡುತ್ತಾ ನಿಂತಿದ್ದ. ಮಾವ ತಿರುವಿನವರೆಗೂ ಟೆಂಪೋದ ಹಿಂದೆ ನಡೆದುಹೋಗಿ, ಮೂಗು ಒರೆಸಿಕೊಂಡು ಬಂದರು.

ನಾನು ಮಧುಗಿರಿಗೆ ಬಂದು ಟೇಬಲ್ ತೆರೆದೆ. ಮೂರು ಕರಿಯರಿಗೂ ಒಂದೇ ಊರು, ಒಂದೇ ತೂಕ, ಒಂದೇ ಬಾಯಿ. ಒಬ್ಬನ ಮುಂದೆ ‘ಮಾರಾಟವಾಗಿದೆ’ ಎಂದು ಬರೆದು ಇಬ್ಬರನ್ನು ಅಳಿಸಬೇಕು. ಆದರೆ ಟೆಂಪೋ ಹತ್ತಿದವನು ಇವರಲ್ಲಿ ಯಾವನು? ತುಂಬ ಹೊತ್ತು ಯೋಚಿಸಿ, ಕಣ್ಣು ಮುಚ್ಚಿ ಅಳಿಸಿದೆ. ಕಣ್ಣು ಬಿಟ್ಟರೆ ಒಬ್ಬನೂ ಇಲ್ಲ. ಫಿಲ್ಟರಿನ ತಪ್ಪೋ ನನ್ನದೋ ಎಂದು ಸಾಕ್ಷಿಗೆ ಹೆಂಡತಿಯನ್ನು ಕೂಗಿದೆ. ಎದ್ದು ಅಡುಗೆಮನೆಯಲ್ಲಿ ಹುಡುಕಿದೆ. ಮುಂಬಾಗಿಲು ಎಳೆದರೆ ಹೊರಗಿನಿಂದ ಬೀಗ. ಹೋಗಿ ಬರುತ್ತೇನೆ ಎಂದು ಅವಳು ಹೇಳಿದ್ದಳೋ ಇಲ್ಲವೋ, ನೆನಪಿಲ್ಲ.