ಮಲ್‌ಮಲ್‌ಗೆ ಬಿಟ್ಟುಹೋದ ಅಳತೆಯ ಅಂಗಿ

ಪ್ರೀತಿ ಸಿಗಲಿಲ್ಲವೆಂದು ಕೊರಗುವವರನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಆದರೆ ಪ್ರೀತಿ ಹೆಚ್ಚಾಗಿ ಬಾಡಿಗೆ ಮನೆ ಬಿಡುವ ಹಂತಕ್ಕೆ ಬಂದವನು ಬೀದರ ನಗರದಲ್ಲಿ ಬಹುಶಃ ನಾನೊಬ್ಬನೇ. ಆ ಪ್ರೀತಿ ಮನುಷ್ಯರದ್ದಾಗಿದ್ದರೆ ಹೆಮ್ಮೆಯಿಂದ ಹೇಳಿಕೊಳ್ಳಬಹುದಿತ್ತು. ನನ್ನನ್ನು ಈ ಪರಿ ಹಚ್ಚಿಕೊಂಡದ್ದು ಒಂದು ಕಾಕಟೂ. ಗಿಳಿಯ ಬಳಗಕ್ಕೆ ಸೇರಿದ, ಹೆಚ್ಚುಕಡಿಮೆ ಕೋಳಿಯಷ್ಟೇ ದೊಡ್ಡದಾದ, ಅಪ್ಪಟ ಬಿಳಿಯ ಹಕ್ಕಿ. ತಲೆಯ ಮೇಲೆ ಹಳದಿ ತುರಾಯಿ. ಸಂತೋಷವಾದರೆ ಅದನ್ನು ಬೀಸಣಿಕೆಯ ಹಾಗೆ ಬಿಚ್ಚಿ, ತಲೆ ಬಾಗಿಸಿ, "ಆಯಿಯೇ, ಬೈಠಿಯೇ" ಎಂದು ಬಂದವರನ್ನು ಕೂರಿಸುತ್ತದೆ. ಸಂಕಟವಾದರೆ ಕಿರಿಚುತ್ತದೆ. ಆ ಕಿರಿಚಾಟವನ್ನು ವರ್ಣಿಸುವ ಶಕ್ತಿ ನನಗಿಲ್ಲ. ಕೆಳಗಿನ ಮನೆಯಲ್ಲಿರುವ ನಮ್ಮ ಮಾಲೀಕರಿಗಿದೆ, ಅವರ ಮಾತು ಮುಂದೆ ಬರುತ್ತದೆ.

ಹಕ್ಕಿಯ ಹೆಸರು ಮಲ್‌ಮಲ್. ಔರಾದದ ಬಸ್ ನಿಲ್ದಾಣದ ಹತ್ತಿರ ಹೆಂಗಸರ ಬಟ್ಟೆ ಹೊಲಿಯುವ, ಊರಿಗೆಲ್ಲ ಚಿಕ್ಕಮ್ಮನಂತಿರುವ ಜೈನಬ್ ಖಾಲಾ ತೆಳುವಾದ ಹತ್ತಿ ಬಟ್ಟೆಯ ನೆನಪಿಗೆ ಇಟ್ಟ ಹೆಸರದು. ನನ್ನ ಹೆಂಡತಿ ಸುಜಾತಾಳ ತವರು ಔರಾದ. ಅವಳ ಸಾಲಿಯ ಯೂನಿಫಾರ್ಮಿನಿಂದ ಹಿಡಿದು ಮದುವೆಯ ಕುಪ್ಪಸದವರೆಗೆ ಎಲ್ಲವನ್ನೂ ಹೊಲಿದವರು ಈ ಖಾಲಾ. ತೀರಿಕೊಂಡ ಅವರ ಯಜಮಾನರು ಹಿಂದೊಮ್ಮೆ ಹೈದರಾಬಾದಿನಿಂದ ತಂದ ಮರಿ ಹನ್ನೆರಡು ವರ್ಷ ಹೊಲಿಗೆ ಮಶೀನಿನ ಪಕ್ಕದಲ್ಲೇ ಬೆಳೆದಿತ್ತು. ಈ ಜಾತಿಯ ಹಕ್ಕಿಯ ಮೈಯಿಂದ ಹಿಟ್ಟಿನಂಥ ನಯವಾದ ಪುಡಿ ಸದಾ ಉದುರುತ್ತದೆಯಂತೆ. ಅದು ಖಾಲಾ ಅವರ ಎದೆಗೆ ಹೊಕ್ಕು ದಮ್ಮು ಹಿಡಿಯಿತು. ಹಕ್ಕಿ ಬೇಕೋ ಉಸಿರು ಬೇಕೋ ನೀವೇ ನಿರ್ಧರಿಸಿ ಎಂದರು ಡಾಕ್ಟರು. ತವರಿಗೆ ಹೋಗಿದ್ದ ನನ್ನ ಹೆಂಡತಿ, ನನ್ನನ್ನು ಒಂದು ಮಾತೂ ಕೇಳದೆ, "ನಾವು ಸಾಕ್ತೇವ್ರಿ ಖಾಲಾ" ಎಂದು ಮಾತು ಕೊಟ್ಟು ಬಂದಳು. ಹಕ್ಕಿ ಸಾಕಲು ಬೇಕಾದ ಕಾಗದಪತ್ರಗಳನ್ನು ನೋಡಿದೆ. ನನ್ನ ಕಾಗದಪತ್ರಗಳಿಗಿಂತ ಸರಿಯಾಗಿದ್ದವು, ಬೇಡವೆನ್ನಲು ನೆಪವೇ ಸಿಗಲಿಲ್ಲ.

ಔರಾದಕ್ಕೆ ರೈಲಿಲ್ಲ. ಪಂಜರವನ್ನು ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಬಂದೆ. ಕಾಲಿಡಲು ಜಾಗವಿಲ್ಲದ ಬಸ್ಸಿನಲ್ಲಿ ಅದು ನಿಂತವರಿಗೆಲ್ಲ ತಲೆ ಬಾಗಿಸಿ "ಬೈಠಿಯೇ, ಬೈಠಿಯೇ" ಅನ್ನತೊಡಗಿತು. ಜನವಾಡದಲ್ಲಿ ಹತ್ತಿದ ಅಜ್ಜಿಯೊಬ್ಬಳು, "ನೀವು ಕುಂತೀರಿ, ಹಕ್ಕಿ ಕೈಲಿ ನಮಗ ಕೂಡ್ರಂತ ಹೇಳಸ್ತೀರೇನ್ರಿ?" ಎಂದು ನನ್ನನ್ನು ದಬಾಯಿಸಿದಳು. ಎದ್ದು ಜಾಗ ಕೊಟ್ಟೆ. ಮಲ್‌ಮಲ್ ಅಜ್ಜಿಯ ತೊಡೆಯ ಮೇಲೆ ಬೀದರಕ್ಕೆ ಬಂತು.

ಮೊದಲ ಎರಡು ದಿನ ಹಬ್ಬ. ಬೆಳಿಗ್ಗೆ ನಾವು ಬುದ್ಧವಂದನೆಗೆ ಕುಳಿತರೆ ಅದೂ ಪಂಜರದಿಂದ ಹೊರಬಂದು ಪಕ್ಕದಲ್ಲಿ ನಿಂತು ತಲೆ ಬಾಗಿಸುತ್ತಿತ್ತು. "ನೋಡ್ರಿ, ನಿಮಗಿಂತ ಚಲೋ ಮನಸಿಟ್ಟು ಮಾಡ್ತದ" ಎಂದು ಸುಜಾತಾ ನನ್ನ ಕಡೆ ನೋಡಿದಳು. ಆಮೇಲೆ ಅದು ನನ್ನ ಭುಜವೇರಿ ಹುಬ್ಬು ಬಾಚುವುದು, ಕಿವಿಯೊಳಗೆ ಏನಿದೆಯೆಂದು ಇಣುಕುವುದು, ಅಂಗಿಯ ಗುಂಡಿ ಒಂದೊಂದಾಗಿ ಕತ್ತರಿಸುವುದು. ಭಾಲ್ಕಿಯ ಕಾಲೇಜೊಂದರಲ್ಲಿ ನಾನು ಗ್ರಂಥಪಾಲಕ. ತಲೆಯ ಮೇಲೆ ಬಿಳಿ ಪುಡಿ ಹೊತ್ತು ಗುಂಡಿಯಿಲ್ಲದ ಅಂಗಿಯಲ್ಲಿ ಹೋದರೆ ಹುಡುಗಿಯರು, "ಸರ್, ಗಿರಣಿಗೆ ಹೋಗಿದ್ರೇನ್ರಿ?" ಎಂದು ಕೇಳುತ್ತಿದ್ದರು. ನಿಜ ಹೇಳುತ್ತೇನೆ, ನನಗದು ಬಹಳ ಹಿತವಾಗಿತ್ತು. ಈ ವಯಸ್ಸಿನಲ್ಲಿ ನನ್ನ ಹುಬ್ಬು ಬಾಚುವವರು ಇನ್ಯಾರಿದ್ದರು?

ಇಲ್ಲಿ ನನ್ನ ಹೆಂಡತಿಯ ಶಿಸ್ತಿನ ಬಗ್ಗೆ ಒಂದು ಮಾತು ಹೇಳಬೇಕು. ಖಾಲಾ ಪಂಜರದ ಮೂಲೆಯಲ್ಲಿ ತಾವು ತಲೆಗೆ ಹೊದೆಯುತ್ತಿದ್ದ ಹಳೆಯ ಹಸಿರು ಓಡಣಿಯೊಂದನ್ನು ಹಾಸಿದ್ದರು. ಎರಡನೆಯ ದಿನ ಸಂಜೆ ಸುಜಾತಾ ಅದನ್ನು ತೆಗೆದು, ಒಗೆದು, ಇಸ್ತ್ರಿ ಮಾಡಿ, ಬೇರೆಯವರ ವಸ್ತು ಖಾಲಿ ಕಳಿಸಬಾರದೆಂದು ಆರು ಶೇಂಗಾ ಹೋಳಿಗೆಯ ಜೊತೆ ಡಬ್ಬಿಗೆ ಹಾಕಿ ಔರಾದಕ್ಕೆ ಹೊರಟಿದ್ದ ತನ್ನ ತಮ್ಮನ ಕೈಯಲ್ಲಿ ಕಳಿಸಿಕೊಟ್ಟಳು. ನನಗೂ ಅದು ಸರಿಯೆನಿಸಿತು. ತೆಗೆದುಕೊಂಡದ್ದನ್ನು ಸಕಾಲಕ್ಕೆ ಹಿಂದಿರುಗಿಸಿದರೆ ಸಂತೋಷಪಡುವುದೇ ನನ್ನ ಉದ್ಯೋಗ ತಾನೆ.

ಮೂರನೆಯ ದಿನದಿಂದ ಕಿರಿಚಾಟ ಶುರುವಾಯಿತು. ಸುಜಾತಾ ಪಾಠ ಮಾಡಲು ಜನವಾಡದ ಸಾಲಿಗೆ, ನಾನು ಭಾಲ್ಕಿಗೆ. ನಾವು ಬಾಗಿಲು ದಾಟಿದ್ದೇ ತಡ, ಬೀದಿಯ ತುದಿಯವರೆಗೆ ಕೇಳುವ ಹಾಗೆ ಕೂಗು. ಸಂಜೆ ಬಂದರೆ ಗಂಟಲು ಬಿದ್ದಿರುತ್ತಿತ್ತು. ನಾನು ಕಾರಣ ಹುಡುಕತೊಡಗಿದೆ. ಸೆಕೆಯೆಂದು ಫ್ಯಾನು ಹಾಕಿದೆ. ಒಂಟಿತನವೆಂದು ಕನ್ನಡಿ ಇಟ್ಟೆ, ಅದರೊಳಗಿನ ಹಕ್ಕಿಗೂ "ಬೈಠಿಯೇ" ಎಂದು, ಅದು ಕೂರಲಿಲ್ಲವೆಂದು ಮತ್ತಷ್ಟು ಕಿರಿಚಿತು. ಮಶೀನಿನ ಸದ್ದು ಬೇಕೇನೋ ಎಂದು ಮೊಬೈಲಿನಲ್ಲಿ ಹುಡುಕಿ ಹಾಕಿದರೆ ಬಾಗಿಲ ಕಡೆ ನೋಡಿ ನೋಡಿ ಹುಚ್ಚಾಯಿತು. ಗ್ರಂಥಾಲಯದಲ್ಲಿದ್ದ ಪಕ್ಷಿಗಳ ಪುಸ್ತಕವೊಂದನ್ನೂ ತಿರುವಿದೆ. ಅದರಲ್ಲಿ ಕೊಕ್ಕಿನ ಅಳತೆಯಿತ್ತು, ಮನಸ್ಸಿನ ವಿಚಾರವಿರಲಿಲ್ಲ.

ಒಂದು ತಿಂಗಳಾಗುವಷ್ಟರಲ್ಲಿ ಮಾಲೀಕರಾದ ಶರಣಪ್ಪ ಕಾಕಾ ಮೇಲೆ ಬಂದರು. ಮಧ್ಯಾಹ್ನದ ನಿದ್ದೆಯೇ ಅವರ ಏಕೈಕ ಆಸ್ತಿ, ಮನೆ ಆಮೇಲಿನದು. "ನೋಡ್ರಿ, ನನಗ ಒಂದು ಕೊಳ್ಳಿ ಹಚ್ಚಿದ ದೆವ್ವ ತಲಿ ಮ್ಯಾಲೆ ಕುಂತಂಗ ಆಗ್ಯಾದ. ಹಕ್ಕಿ ಇರಲಿ, ಇಲ್ಲಾ ನೀವಿರ್ರಿ. ಇಬ್ಬರೂ ಕೂಡಿ ಬ್ಯಾಡ್ರಿ. ಐತವಾರತನ ಟೈಮ್ ಕೊಡ್ತೇನಿ" ಎಂದರು. ಅಷ್ಟರಲ್ಲಿ ಮಲ್‌ಮಲ್ ಅವರಿಗೂ ತಲೆ ಬಾಗಿಸಿ ಕೂರಲು ಹೇಳಿತು. ಕಾಕಾ ಅಭ್ಯಾಸಬಲದಿಂದ ಕೂತೇಬಿಟ್ಟರು, ಚಹಾ ಕುಡಿದರು, ಆದರೆ ಐತವಾರವನ್ನು ಮುಂದೂಡಲಿಲ್ಲ. ಬೇರೆ ಮನೆ ಹುಡುಕಬಹುದಿತ್ತು. ನಾನು ಹೆದರಿದ್ದು ಬೇರೆಯದಕ್ಕೆ. ಆ ವಾರ ಮಲ್‌ಮಲ್ ತನ್ನ ಎದೆಯ ಪುಕ್ಕಗಳನ್ನು ತಾನೇ ಕಿತ್ತುಕೊಳ್ಳತೊಡಗಿತ್ತು. ರೂಪಾಯಿ ನಾಣ್ಯದಷ್ಟಗಲ ಬೋಳಾದ ಆ ಎದೆಯನ್ನು ನೋಡಿದಾಗ ನನಗೆ ಅಳು ಬಂತು.

ಶನಿವಾರ ರಜೆ ಹಾಕಿ ಔರಾದಕ್ಕೆ ಹೋದೆ. ಖಾಲಾ ಮಶೀನಿನಿಂದ ತಲೆ ಎತ್ತಲಿಲ್ಲ. ಸಾಮಾನ್ಯವಾಗಿ ಊರ ಅಳಿಯನೆಂದು ನನಗೆ ಸಿಗುವ ಮರ್ಯಾದೆ ಅಂದು ಸಿಗಲಿಲ್ಲ. ಹಕ್ಕಿಯ ಗೋಳು ಹೇಳಿಕೊಂಡೆ. ಅವರು ದಾರ ಕಡಿದು, "ಓಡಣಿ ವಾಪಸ್ ಕಳಿಸಿದ್ರಲ್ಲ ಜಮಾಯಿ ಸಾಬ್, ಈಗ್ಯಾಕ ಬಂದ್ರಿ?" ಎಂದರು.

ಒಗೆದು ಇಸ್ತ್ರಿ ಮಾಡಿಯೇ ಕಳಿಸಿದ್ದೆವಲ್ಲ ಎಂದೆ.

"ಅದಕ್ಕೇ ಮನಸಿಗೆ ರಂಜ್ ಆಯ್ತು. ಹೋಳಿಗಿ ಸುದ್ದಾ ಇಟ್ಟು ಕಳಿಸೀರಿ. ನಮ್ಮ ನಿಮ್ಮ ಸಂಬಂಧ ಮುಗೀತು, ಇನ್ನ ಬರಬ್ಯಾಡ ಅಂದಂಗ ಆಯ್ತು. ನಾ ಆ ಹೋಳಿಗಿ ಮುಟ್ಟಿಲ್ರಿ." ಆಮೇಲೆ ಗೋಡೆಯ ಕಡೆ ಕೈ ತೋರಿಸಿದರು. ಸಾಲು ಮೊಳೆಗಳಲ್ಲಿ ಹಳೆಯ ಕುಪ್ಪಸ, ಮಾಸಿದ ಅಂಗಿ, ಹುಡುಗಿಯರ ಚೂಡಿದಾರ. ಹೊಸದನ್ನು ಹೊಲಿಯಲು ಕೊಡುವವರು ಅಳತೆಗೆಂದು ಬಿಟ್ಟುಹೋಗುವ ಹಳೆಯ ಬಟ್ಟೆಗಳವು. "ಮಲ್‌ಮಲ್ ಹನ್ನೆರಡು ವರ್ಷ ಇದನ್ನೇ ನೋಡ್ಯಾದ. ಅಳತಿ ಅಂಗಿ ಬಿಟ್ಟವರು ವಾಪಸ್ ಬಂದೇ ಬರ್ತಾರ. ಬರೇ ಕೈಲೆ ಬಂದು ಹೊಲಿಗಿ ರೇಟ್ ಕೇಳಿ ಹೋದವರು ಮತ್ತ ಮಾರಿ ತೋರಸಂಗಿಲ್ಲ. ನಾ ನಮಾಜಿಗೆ ಒಳಗ ಹೋದ್ರೂ ಒಂದು ಚಿಂದಿ ಅದರ ಮುಂದ ಇಟ್ಟೇ ಹೋಗ್ತಿದ್ದೆ. ಕಳಿಸೋ ದಿನ ನನ್ನ ಓಡಣಿ ಹಾಸಿ, ಬೇಟಾ, ನಾ ಬರ್ತೇನಿ ಅಂತ ಜಬಾನ್ ಕೊಟ್ಟಿದ್ದೆ." ಅವರ ಕಣ್ಣು ತುಂಬಿತ್ತು. ಹಕ್ಕಿಯ ಕಣ್ಣೆದುರೇ ನಾವು ಖಾಲಾ ಅವರ ಮಾತನ್ನು ಒಗೆದು ಮಡಚಿ ಹಿಂದಕ್ಕೆ ಕಳಿಸಿಬಿಟ್ಟಿದ್ದೆವು. ಅದರ ಮೇಲೆ ನಾವಿಬ್ಬರೂ ದಿನಾ ಬರಿಗೈಯಲ್ಲಿ ಬಾಗಿಲು ದಾಟುತ್ತಿದ್ದೆವು. ಗುರುತಿನ ಚೀಟಿ ಇಟ್ಟುಕೊಳ್ಳದೆ ನಾನೇ ಯಾರಿಗೂ ಪುಸ್ತಕ ಕೊಡುವವನಲ್ಲ. ನನಗೇ ಇದು ಹೊಳೆಯಬಾರದಿತ್ತೇ?

ಓಡಣಿ ಮತ್ತೆ ಬೀದರಕ್ಕೆ ಬಂತು. ಮಲ್‌ಮಲ್ ಅದನ್ನು ಕಾಲಿನಿಂದ ಎಳೆದು, ಮೂಸಿ, ಮೇಲೆ ಕೂತಿತು. ಐತವಾರ ಬೆಳಿಗ್ಗೆ ನಾನು ಹಳೆಯ ಅಂಗಿಯೊಂದನ್ನು ಪಂಜರಕ್ಕೆ ನೇತುಹಾಕಿ, "ಬರ್ತೇನಿ" ಎಂದು ಹೇಳಿ, ಸುಜಾತಾಳ ಜೊತೆ ಹೊರಗೆ ಹೋಗಿ ಕಾಕಾ ಅವರ ಮೆಟ್ಟಿಲ ಮೇಲೆ ಕೂತೆ. ಒಂದು ತಾಸಾದರೂ ಮೇಲಿನಿಂದ ಗುಂಡಿ ಕಡಿಯುವ ಸಣ್ಣ ಸದ್ದು ಬಿಟ್ಟರೆ ಬೇರೇನೂ ಕೇಳಲಿಲ್ಲ. ಕಾಕಾ ಹೊರಬಂದು, "ಯಾಕ್ರಿ, ಹಕ್ಕಿ ಕೊಟ್ಟು ಬಿಟ್ರೇನು?" ಎಂದು ಕೇಳಿದರು, ಧ್ವನಿಯಲ್ಲಿ ತುಸು ಬೇಸರವಿತ್ತೆಂದು ನನ್ನ ಅನುಮಾನ. ಈಗ ಖಾಲಾ ತಿಂಗಳಿಗೊಮ್ಮೆ ಬರುತ್ತಾರೆ. ಮೂಗಿಗೆ ಬಟ್ಟೆ ಕಟ್ಟಿಕೊಂಡು, ನಾವು ಕೆಳಗಿಳಿಸಿದ ಪಂಜರದಿಂದ ದೂರ ಅಂಗಳದಲ್ಲಿ ಕೂತು ಹಕ್ಕಿಯ ಜೊತೆ ಮಾತಾಡಿ, ಹೋಗುವಾಗ ಹಳೆಯ ಓಡಣಿ ಬಿಡಿಸಿಕೊಂಡು ಇನ್ನೊಂದು ಬಿಟ್ಟು ಹೋಗುತ್ತಾರೆ. ಎದೆಯ ಪುಕ್ಕ ಮತ್ತೆ ಬರುತ್ತಿದೆ.

ಕಳೆದ ವಾರ ಸುಜಾತಾ ಹತ್ತು ದಿನದ ಶಿಕ್ಷಕರ ತರಬೇತಿಗೆಂದು ಕಲಬುರಗಿಗೆ ಹೊರಟಳು. ಹಕ್ಕಿಗೆಂದು ತನ್ನ ಹಳೆಯ ಕುಪ್ಪಸವೊಂದನ್ನು ಮರೆಯದೆ ಪಂಜರಕ್ಕೆ ಕಟ್ಟಿದಳು, ನೀರು ತುಂಬಿಸಿದಳು, ಅದರ ತುರಾಯಿ ನೇವರಿಸಿ "ಬರ್ತೇನವ್ವಾ" ಎಂದಳು. ಅವಳ ಚೀಲ ಹಿಡಿದು ಬಾಗಿಲಲ್ಲಿ ನಿಂತಿದ್ದ ನನಗೆ ಏನೋ ಹೊಟ್ಟೆಕಿಚ್ಚಾಯಿತು. "ನನಗೇನೂ ಬಿಟ್ಟು ಹೋಗಂಗಿಲ್ಲೇನು?" ಎಂದು ಕೇಳಿಯೇಬಿಟ್ಟೆ. ಅವಳು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. "ನಿಮ್ಮನ್ನೇ ಬಿಟ್ಟು ಹೊಂಟೇನಲ್ರಿ. ಹಳೇದು, ಬಣ್ಣ ಹೋಗಿದ್ದು, ಒಂದು ಗುಂಡೀನೂ ಇಲ್ಲ. ಅಳತಿಗೆ ಸಾಕು" ಎಂದು ಚೀಲ ಕಸಿದುಕೊಂಡು ಮೆಟ್ಟಿಲಿಳಿದಳು. ನಾನು ಬಾಗಿಲಲ್ಲೇ ನಿಂತಿದ್ದೆ. ಹಿಂದಿನಿಂದ ಮಲ್‌ಮಲ್, "ಬೈಠಿಯೇ" ಎಂದಿತು. ಬಂದು ಅದರ ಪಕ್ಕ ಕೂತೆ.